ಕಂಪ್ಯೂಟರಿನ ನಿದ್ದೆ ಕೆಡಿಸುವವರು

ಕಂಪ್ಯೂಟರ್ ಆನ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಸುಮ್ಮನೆ ಕೂತಿದ್ದೀರಿ ಎಂದುಕೊಳ್ಳಿ. ವರ್ಡ್ ತೆರೆದಿಲ್ಲ, ಬ್ರೌಸರ್ ತೆರೆದಿಲ್ಲ, ಹಾಡೂ ಹಚ್ಚಿಲ್ಲ. ಆದರೂ ಫ್ಯಾನು ಗುಂಯ್ ಎನ್ನುತ್ತಿದೆ, ಹಾರ್ಡ್ ಡಿಸ್ಕಿನ ಸಣ್ಣ ದೀಪ ಒಂದೇ ಸಮನೆ ಮಿಣುಕುತ್ತಿದೆ, ಮೌಸಿನ ಬಾಣ ಎಳೆದಲ್ಲಿಗೆ ಬರಲೊಲ್ಲದು. ಒಳಗೆ ಯಾರು ಏನು ಮಾಡುತ್ತಿದ್ದಾರೆ?

ನಿಮ್ಮದು ವಿಂಡೋಸ್ ಆಗಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ‘ಡೀಟೇಲ್ಸ್’ ಪುಟದಲ್ಲಿ ಹೆಸರುಗಳ ಉದ್ದನೆಯ ಪಟ್ಟಿ ಇರುತ್ತದೆ. ಕೆಲವರಲ್ಲಿ 100, ಹಲವರಲ್ಲಿ 150ಕ್ಕೂ ಹೆಚ್ಚು. ಟಾಸ್ಕ್ ಮ್ಯಾನೇಜರನ್ನು ಬಿಟ್ಟರೆ ಅವುಗಳಲ್ಲಿ ಒಂದನ್ನೂ ನೀವು ಕೈಯಾರೆ ಶುರು ಮಾಡಿದ್ದಲ್ಲ. ಆರಂಭದ ಗದ್ದಲ ಅಡಗಲು ಐದಾರು ನಿಮಿಷ ಬಿಟ್ಟು, ಅದೇ ಪಟ್ಟಿಯನ್ನು ಸಿಪಿಯು ಬಳಕೆಯ ಕ್ರಮದಲ್ಲಿ ಜೋಡಿಸಿ ನೋಡಿ. ಎಲ್ಲರ ತಲೆಯ ಮೇಲೆ ‘ಸಿಸ್ಟಮ್ ಐಡಲ್ ಪ್ರಾಸೆಸ್’ ಎಂಬುದೊಂದು ಕೂತಿರುತ್ತದೆ. ಅದರ ಎದುರಿಗೆ 95, 97 ಎಂಬಂಥ ದೊಡ್ಡ ಅಂಕಿ. ಪ್ರಾಸೆಸರಿನ ಶೇಕಡ 97ರಷ್ಟನ್ನು ನುಂಗುತ್ತಿರುವ ಈ ಖದೀಮನನ್ನು ನಿಲ್ಲಿಸುವುದು ಹೇಗೆ ಎಂದು ಗಾಬರಿಯಿಂದ ಕೇಳುವವರಿದ್ದಾರೆ. ಪಾಪ, ಅದು ಯಾರ ಪಾಲನ್ನೂ ನುಂಗುತ್ತಿಲ್ಲ. ಪ್ರಾಸೆಸರಿಗೆ ಕೆಲಸವೇ ಇಲ್ಲದೆ ಕಳೆದ ಹೊತ್ತನ್ನು ಆ ಹೆಸರಿನ ಖಾತೆಗೆ ಬರೆಯುತ್ತಾರೆ, ಅಷ್ಟೇ.

ಹಾಜರಿ ಪುಸ್ತಕದಲ್ಲಿ 150 ಹೆಸರು. ಆದರೆ ನೂರರಲ್ಲಿ 97 ಪಾಲು ಹೊತ್ತು ಒಬ್ಬರೂ ಕೆಲಸ ಮಾಡುತ್ತಿಲ್ಲ. ಎರಡೂ ನಿಜ. ‘ಬೇಡದ ಸರ್ವಿಸ್‌ಗಳನ್ನು ಆಫ್ ಮಾಡಿ, ಕಂಪ್ಯೂಟರ್ ಚುರುಕಾಗುತ್ತದೆ’ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತಾರೆ. ಈ ಒಗಟನ್ನು ಬಿಡಿಸಿಕೊಳ್ಳದೆ ಆ ಸಲಹೆಯ ಹಿಂದೆ ಹೋದರೆ, ಆಫ್ ಮಾಡಬಾರದ್ದನ್ನು ಮಾಡಿ, ಮಾಡಬೇಕಾದ್ದನ್ನು ಬಿಡುವ ಸಂಭವವೇ ಹೆಚ್ಚು.

ಕರೆಯದೆ ಬಂದವರು

ನೀವು ಕಿಟಕಿ ತೆರೆದು ಬಳಸುವ ಪ್ರೋಗ್ರಾಮುಗಳ ಹಿಂದೆ, ಪರದೆಯ ಮೇಲೆ ಮುಖ ತೋರಿಸದೆ ದುಡಿಯುವ ಪ್ರೋಗ್ರಾಮುಗಳಿವೆ. ಅವನ್ನು ಹಿನ್ನೆಲೆ ಸೇವೆಗಳು ಎನ್ನೋಣ. ವೈಫೈ ಹುಡುಕುವುದು, ಗಡಿಯಾರ ಸರಿಪಡಿಸುವುದು, ಪ್ರಿಂಟಿಗೆ ಕೊಟ್ಟ ಪುಟಗಳನ್ನು ಸಾಲಿನಲ್ಲಿ ನಿಲ್ಲಿಸುವುದು, ಕಡತಗಳನ್ನು ಬೇಗ ಹುಡುಕಿಕೊಡಲು ಸೂಚಿ ತಯಾರಿಸುವುದು, ವೈರಸ್ ಕಾವಲು, ಹೊಸ ಅಪ್‌ಡೇಟ್ ಬಂದಿದೆಯೇ ಎಂದು ವಿಚಾರಿಸುವುದು ಎಲ್ಲ ಇವುಗಳ ಕೆಲಸ.

ಈ ಪದ್ಧತಿ ಬಹಳ ಹಳೆಯದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ, ಪ್ರಾಜೆಕ್ಟ್ ಮ್ಯಾಕ್ ಎಂಬ ಯೋಜನೆಯವರು ಐಬಿಎಂ 7094 ಎಂಬ ದೈತ್ಯ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಪ್ರಯೋಗ ನಡೆಸಿದ್ದರು. ಬಳಕೆದಾರರ ಕಡತಗಳನ್ನು ಆಗಾಗ ಟೇಪಿಗೆ ನಕಲು ಮಾಡಿಡಲು ಒಂದು ಪ್ರೋಗ್ರಾಮನ್ನು ಅವರು ಹಿನ್ನೆಲೆಯಲ್ಲಿ ಬಿಟ್ಟರು. ಯಾರೂ ಹೇಳದೆಯೇ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವ ಅಂಥ ಪ್ರೋಗ್ರಾಮನ್ನು ಅವರು ಡೀಮನ್ ಎಂದು ಕರೆದರು. ಲಿನಕ್ಸ್ ಬಳಗದಲ್ಲಿ ಇಂದಿಗೂ ಅದೇ ಮಾತು ಚಾಲ್ತಿಯಲ್ಲಿದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕನ್ನಡ ಟೈಪ್ ಮಾಡಲು ಬರಹ ಅಥವಾ ನುಡಿ ಹಾಕಿಕೊಂಡವರ ಪರದೆಯ ಬಲ ಕೆಳಮೂಲೆಯಲ್ಲಿ ಗಡಿಯಾರದ ಪಕ್ಕ ಪುಟ್ಟ ಚಿಹ್ನೆಯೊಂದು ಕೂರುತ್ತದಲ್ಲ, ಅದೂ ಹಿನ್ನೆಲೆಯಲ್ಲೇ ಇದ್ದುಕೊಂಡು ನೀವು ಒತ್ತಿದ ಪ್ರತಿ ಕೀಲಿಯನ್ನೂ ಗಮನಿಸುತ್ತಿರುತ್ತದೆ. ಆದರೆ ಅದು ಶುರುವಾಗುವುದು ನೀವು ಲಾಗಿನ್ ಆದ ಮೇಲೆ, ನಿಮ್ಮ ಹೆಸರಿನಲ್ಲಿ. ಸೇವೆ ಹಾಗಲ್ಲ. ಪಾಸ್‌ವರ್ಡ್ ಕೇಳುವ ಪರದೆ ಬರುವಷ್ಟರಲ್ಲೇ ಹಲವು ಸೇವೆಗಳು ಎದ್ದು ಕೂತಿರುತ್ತವೆ. ಅದೆಷ್ಟೋ ಸೇವೆಗಳಿಗೆ ನಿಮಗಿಂತ ಹೆಚ್ಚಿನ ಅಧಿಕಾರವೂ ಇರುತ್ತದೆ. ಈ ಅಧಿಕಾರದ ವಿಷಯ ಮುಂದೆ ನಮ್ಮ ಕುತ್ತಿಗೆಗೆ ಬರಲಿದೆ.

ಟಾಸ್ಕ್ ಮ್ಯಾನೇಜರಿನಲ್ಲಿ ‘ಎಸ್‌ವಿಸಿಹೋಸ್ಟ್’ ಎಂಬ ಹೆಸರು ಹತ್ತಾರು ಸಲ ಕಂಡು, ವೈರಸ್ ಹೊಕ್ಕಿತೆಂದು ಹೆದರುವವರಿಗೆ ಒಂದು ಮಾತು. ಅದು ಸೇವೆಗಳಿಗೆ ಮೈಕ್ರೋಸಾಫ್ಟ್ ಕೊಟ್ಟಿರುವ ವಸತಿ. ಮೊದಲು ಒಂದೊಂದರಲ್ಲಿ ಹಲವು ಸೇವೆಗಳನ್ನು ಒಟ್ಟಿಗೆ ತುಂಬುತ್ತಿದ್ದರು. ಅವುಗಳಲ್ಲೊಂದು ಕೆಟ್ಟು ಕೂತರೆ ಜೊತೆಯವರೂ ಮುಳುಗುತ್ತಿದ್ದರು. 2017ರ ವಿಂಡೋಸ್ 10 ಪರಿಷ್ಕರಣೆಯಿಂದೀಚೆಗೆ, 3.5 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಯಂತ್ರಗಳಲ್ಲಿ ಹೆಚ್ಚಿನ ಸೇವೆಗಳಿಗೆ ಪ್ರತ್ಯೇಕ ವಸತಿ ಮಾಡಿಕೊಟ್ಟರು. ಪಟ್ಟಿ ಉದ್ದವಾಯಿತು, ಸೇವೆಗಳ ಸಂಖ್ಯೆ ಅದರಿಂದ ಹೆಚ್ಚಲಿಲ್ಲ.

ರಾತ್ರಿ ಬಸ್ಸಿನ ಪ್ರಯಾಣಿಕರು

ಈಗ ಒಗಟಿಗೆ ಬರೋಣ. ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ರಾತ್ರಿ ಬಸ್ಸನ್ನು ನೆನೆಸಿಕೊಳ್ಳಿ. ಸೀಟುಗಳೆಲ್ಲ ಭರ್ತಿ. ‘ಹಾಸನ ಬಂದಾಗ ಎಬ್ಬಿಸಿ’ ಎಂದು ಒಬ್ಬರು, ‘ಸಕಲೇಶಪುರದಲ್ಲಿ ಎಬ್ಬಿಸಿ’ ಎಂದು ಇನ್ನೊಬ್ಬರು ಕಂಡಕ್ಟರಿಗೆ ಹೇಳಿ ಕಣ್ಣು ಮುಚ್ಚಿದ್ದಾರೆ. ಬಸ್ಸು ತುಂಬಿದೆ, ಆದರೆ ಸದ್ದಿಲ್ಲ. ಪ್ರಯಾಣಿಕರು 40 ಇದ್ದರೂ ಅಷ್ಟೆ, 50 ಇದ್ದರೂ ಅಷ್ಟೆ. ಊರು ಬಂದಾಗ ಕಂಡಕ್ಟರ್ ಸಂಬಂಧಪಟ್ಟವರನ್ನು ಮಾತ್ರ ತಟ್ಟಿ ಎಬ್ಬಿಸುತ್ತಾನೆ.

ಕಂಪ್ಯೂಟರಿನಲ್ಲಿ ಈ ಕಂಡಕ್ಟರಿನ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮಿನ ತಿರುಳು, ಕರ್ನಲ್ ಎನ್ನುತ್ತಾರೆ. ಅದರ ಬಳಿ ಮುಖ್ಯವಾಗಿ ಎರಡು ಬಗೆಯ ಪಟ್ಟಿಗಳಿರುತ್ತವೆ. ಮೊದಲನೆಯದು ‘ಕೆಲಸ ಸಿದ್ಧವಿದೆ, ಪ್ರಾಸೆಸರ್ ಕೊಡಿ’ ಎನ್ನುವವರದು. ಎರಡನೆಯದು ‘ಇಂಥದ್ದು ನಡೆಯುವವರೆಗೆ ನನ್ನನ್ನು ಎಬ್ಬಿಸಬೇಡಿ’ ಎಂದು ಹೇಳಿ ಮಲಗಿದವರದು. ಪ್ರಿಂಟ್ ಸೇವೆ ಹೇಳಿರುತ್ತದೆ: ಯಾರಾದರೂ ಪುಟ ಕಳಿಸಿದರೆ ಎಬ್ಬಿಸಿ. ಬ್ಲೂಟೂತ್ ಸೇವೆ ಹೇಳಿರುತ್ತದೆ: ಸಾಧನವೊಂದು ಹತ್ತಿರ ಬಂದರೆ ಎಬ್ಬಿಸಿ. ಸರದಿ ಹಂಚುವಾಗ ಕರ್ನಲ್ ಮೊದಲ ಪಟ್ಟಿಯನ್ನು ಮಾತ್ರ ನೋಡುತ್ತದೆ. ಎರಡನೆಯ ಪಟ್ಟಿಯಲ್ಲಿ 10 ಹೆಸರಿರಲಿ, 1,000 ಹೆಸರಿರಲಿ, ಪ್ರಾಸೆಸರಿನ ಒಂದು ಮಿಡಿತವೂ ಅವರಿಗಾಗಿ ಖರ್ಚಾಗದು.

ಕೀಲಿ ಒತ್ತಿದಾಗ, ನೆಟ್‌ವರ್ಕಿನಿಂದ ಪೊಟ್ಟಣವೊಂದು ಬಂದಾಗ, ಡಿಸ್ಕ್ ತನ್ನ ಓದು ಮುಗಿಸಿದಾಗ ಯಂತ್ರಾಂಶ ಪ್ರಾಸೆಸರಿಗೆ ಒಂದು ವಿದ್ಯುತ್ ಸಂಕೇತ ಕಳಿಸುತ್ತದೆ. ಇಂಟರಪ್ಟ್ ಎಂಬ ಈ ಸಂಕೇತಕ್ಕೆ ನಾವು ‘ಅಡ್ಡಕರೆ’ ಎನ್ನಬಹುದು. ಪ್ರಾಸೆಸರ್ ಕೈಲಿದ್ದದ್ದನ್ನು ಬದಿಗಿಟ್ಟು ಕರ್ನಲ್ಲಿಗೆ ಸುದ್ದಿ ಮುಟ್ಟಿಸುತ್ತದೆ. ಈ ಸುದ್ದಿಗಾಗಿ ಕಾದಿದ್ದವರು ಯಾರು ಎಂದು ಕರ್ನಲ್ ಹುಡುಕಿ, ಅವರನ್ನು ಮಲಗಿದವರ ಪಟ್ಟಿಯಿಂದ ತೆಗೆದು ಸಿದ್ಧರ ಪಟ್ಟಿಗೆ ಸೇರಿಸುತ್ತದೆ. ಅವರು ಎದ್ದು, ಕ್ಷಣಾರ್ಧದಲ್ಲಿ ಕೆಲಸ ಮುಗಿಸಿ, ಮತ್ತೆ ಮಲಗುತ್ತಾರೆ. ಸಿದ್ಧರ ಪಟ್ಟಿ ಖಾಲಿಯಾದಾಗ ಕರ್ನಲ್ ಪ್ರಾಸೆಸರಿಗೂ ಮಲಗಲು ಹೇಳುತ್ತದೆ. ಐಡಲ್ ಪ್ರಾಸೆಸ್‌ನ ಎದುರಿಗಿದ್ದ 97 ಆ ನಿದ್ದೆಯ ಲೆಕ್ಕ.

ಗಳಿಗೆಗೊಮ್ಮೆ ಏಳುವವರು

ಅದೇ ಬಸ್ಸಿನಲ್ಲಿ ಇನ್ನೊಂದು ಜಾತಿಯ ಪ್ರಯಾಣಿಕರಿರುತ್ತಾರೆ. ಕಂಡಕ್ಟರನ ಮೇಲೆ ನಂಬಿಕೆಯಿಲ್ಲ. ಹತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ‘ಹಾಸನ ಬಂತಾ?’ ಎನ್ನುತ್ತಾರೆ. ಪ್ರತಿ ಸಲ ಕೇಳುವುದು ಒಂದೇ ಪ್ರಶ್ನೆ, ಆದರೆ ಅಕ್ಕಪಕ್ಕದವರಿಗೆಲ್ಲ ಎಚ್ಚರ.

ಪ್ರೋಗ್ರಾಮುಗಳಲ್ಲಿ ಇದನ್ನು ಪೋಲಿಂಗ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಇಣುಕಾಟ. ಹೊಸ ಕಡತ ಬಂದಿತೇ, ಹೊಸ ಆವೃತ್ತಿ ಬಂದಿತೇ, ಯುಎಸ್‌ಬಿ ಸಿಕ್ಕಿಸಿದರೇ ಎಂದು ತಾನೇ ಮತ್ತೆ ಮತ್ತೆ ಎದ್ದು ನೋಡುವ ಸೋಮಾರಿ ಬರವಣಿಗೆಯ ಪ್ರೋಗ್ರಾಮುಗಳು ಇವು. ಪ್ರತಿ ಸಲ ಇಂಥ ಪ್ರೋಗ್ರಾಮು ಬಳಸುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಹಾಗಾಗಿ ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಎದುರು 0 ಎಂದೇ ಕಾಣಿಸುತ್ತದೆ. ಹಾನಿ ಬೇರೆ ಕಡೆ ಆಗುತ್ತದೆ.

ಪ್ರಾಸೆಸರಿನ ನಿದ್ದೆಗೆ ಹಂತಗಳಿವೆ. ಮೊದಲ ಹಂತದಲ್ಲಿ ಅದು ಆದೇಶಗಳನ್ನು ನಡೆಸುವುದನ್ನು ನಿಲ್ಲಿಸುತ್ತದೆ, ಆದರೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಮುಂದಿನ ಹಂತಗಳಲ್ಲಿ ಗಡಿಯಾರ ಮಿಡಿತ ನಿಲ್ಲಿಸಿ, ಒಳಗಿನ ಪುಟ್ಟ ಸ್ಮೃತಿಯನ್ನು ಖಾಲಿ ಮಾಡಿ, ಒಂದೊಂದೇ ಭಾಗಕ್ಕೆ ವಿದ್ಯುತ್ತನ್ನು ಕಡಿದುಹಾಕುತ್ತದೆ. ನಿಜವಾದ ಉಳಿತಾಯ ಈ ಆಳದ ನಿದ್ದೆಯಲ್ಲಿದೆ. ಅಲ್ಲಿಗೆ ಇಳಿಯಲೂ ಅಲ್ಲಿಂದ ಮೇಲೆ ಬರಲೂ ಸಮಯ ಹಿಡಿಯುತ್ತದೆ. ಇನ್ನೊಂದು ಗಳಿಗೆಯಲ್ಲಿ ಮತ್ತೆ ಯಾರೋ ತಟ್ಟುತ್ತಾರೆಂದು ಗೊತ್ತಿದ್ದರೆ ಆಳಕ್ಕಿಳಿಯುವ ಗೋಜಿಗೇ ಪ್ರಾಸೆಸರ್ ಹೋಗುವುದಿಲ್ಲ. ತೂಕಡಿಸುತ್ತ ಬ್ಯಾಟರಿ ಕರಗಿಸುತ್ತದೆ.

ಇದನ್ನು ಬಯಲಿಗೆ ತಂದದ್ದು 2007ರಲ್ಲಿ ಇಂಟೆಲ್ ಲಿನಕ್ಸಿಗಾಗಿ ಹೊರತಂದ ಪವರ್‌ಟಾಪ್ ಎಂಬ ಪುಟ್ಟ ಸಾಧನ. ಯಾವ ಪ್ರೋಗ್ರಾಮು ಎಷ್ಟು ಪ್ರಾಸೆಸರ್ ಬಳಸಿತು ಎನ್ನುವ ಹಳೆಯ ಪ್ರಶ್ನೆಯನ್ನು ಬಿಟ್ಟು, ಯಾವುದು ಸೆಕೆಂಡಿಗೆ ಎಷ್ಟು ಸಲ ಪ್ರಾಸೆಸರನ್ನು ಎಬ್ಬಿಸಿತು ಎಂದು ಅದು ಎಣಿಸಿ ತೋರಿಸಿತು. ಸಾಧುಗಳಂತೆ ಕಂಡಿದ್ದ ಹಲವು ಪ್ರೋಗ್ರಾಮುಗಳ ಬಣ್ಣ ಬಯಲಾಯಿತು. ಬರೆದವರು ನಾಚಿಕೊಂಡು ತಿದ್ದಿದರು. ಅದೇ ವರ್ಷ ಲಿನಕ್ಸಿನ ಕರ್ನಲ್ ತನ್ನದೇ ಒಂದು ದುರಭ್ಯಾಸವನ್ನೂ ಬಿಟ್ಟಿತು. ಅಲ್ಲಿಯವರೆಗೆ ಯಾರಿಗೂ ಕೆಲಸವಿಲ್ಲದಿದ್ದರೂ ಸೆಕೆಂಡಿಗೆ ನೂರಾರು ಸಲ, ಕೆಲವು ಆವೃತ್ತಿಗಳಲ್ಲಿ 1,000 ಸಲ, ಅದು ಪ್ರಾಸೆಸರನ್ನು ಎಬ್ಬಿಸಿ ಸಮಯ ನೋಡಿಕೊಳ್ಳುತ್ತಿತ್ತು.

ವಿಂಡೋಸ್ ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ ಹೀಗೆ ಸಮಯ ನೋಡುತ್ತದೆ. ‘ನನಗೆ ಇನ್ನೂ ಸೂಕ್ಷ್ಮ ಗಡಿಯಾರ ಬೇಕು, ಸೆಕೆಂಡಿಗೆ 1,000 ಸಲ ಮಿಡಿಯಲಿ’ ಎಂದು ಯಾವ ಪ್ರೋಗ್ರಾಮು ಬೇಕಾದರೂ ಕೇಳಬಹುದು. 2020ರ ಮೇ ತಿಂಗಳ ಪರಿಷ್ಕರಣೆಯವರೆಗೆ ಒಂದು ಪ್ರೋಗ್ರಾಮು ಕೇಳಿದರೆ ಇಡೀ ಯಂತ್ರವೇ ಆ ಲಯಕ್ಕೆ ಕುಣಿಯಬೇಕಿತ್ತು. ಒಬ್ಬರ ಆತುರಕ್ಕೆ ಎಲ್ಲರ ಬ್ಯಾಟರಿ.

ಸೀಟು ಮತ್ತು ಬಾಗಿಲ ನೂಕುನುಗ್ಗಲು

ಮಲಗಿದ ಪ್ರಯಾಣಿಕ ಸದ್ದು ಮಾಡದಿದ್ದರೂ ಸೀಟು ಹಿಡಿದಿರುತ್ತಾನೆ. ಮಲಗಿದ ಸೇವೆಯೂ ಮೆಮೊರಿಯಲ್ಲಿ ಜಾಗ ಹಿಡಿದಿರುತ್ತದೆ, ಸಾಮಾನ್ಯವಾಗಿ ಕೆಲವೇ ಎಂಬಿಗಳಷ್ಟು. 8 ಅಥವಾ 16 ಜಿಬಿ ಇರುವವರು ಇದಕ್ಕಾಗಿ ನಿದ್ದೆಗೆಡಬೇಕಿಲ್ಲ. ಬಹಳ ಹೊತ್ತಿನಿಂದ ಮುಟ್ಟದ ಭಾಗಗಳನ್ನು ಆಪರೇಟಿಂಗ್ ಸಿಸ್ಟಮ್ ಹಿಂಡಿ ಚಿಕ್ಕದಾಗಿಸುತ್ತದೆ, ಬೇಕಾದರೆ ಡಿಸ್ಕಿಗೆ ಸಾಗಿಸುತ್ತದೆ. ಮೆಮೊರಿ ಅರ್ಧ ತುಂಬಿದೆ ಎಂದು ಕೊರಗುವವರು ತಿಳಿಯಬೇಕಾದದ್ದು: ಖಾಲಿ ಬಿದ್ದ ಮೆಮೊರಿಯಿಂದ ಯಾರಿಗೂ ಲಾಭವಿಲ್ಲ. 2 ಜಿಬಿ, 4 ಜಿಬಿಯ ಹಳೆಯ ಯಂತ್ರದಲ್ಲಿ ಮಾತ್ರ ಈ ಲೆಕ್ಕಕ್ಕೆ ಅರ್ಥವಿದೆ.

ನಿಜವಾದ ತೊಂದರೆ ಹತ್ತುವಾಗಿನ ನೂಕುನುಗ್ಗಲಲ್ಲಿದೆ. ಕಂಪ್ಯೂಟರ್ ಏಳುವಾಗ ಹತ್ತಾರು ಸೇವೆಗಳು ಒಂದೇ ಹೊತ್ತಿಗೆ ಡಿಸ್ಕಿನ ಮೇಲೆ ಮುಗಿಬೀಳುತ್ತವೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿದು, ತಟ್ಟೆ ಸರಿಯಾದ ಕಡೆಗೆ ತಿರುಗಿ ಬರುವಷ್ಟರಲ್ಲಿ ಸುಮಾರು 10 ಮಿಲಿಸೆಕೆಂಡ್ ಕಳೆದಿರುತ್ತದೆ. ಅಂದರೆ ಚದುರಿದ ಜಾಗಗಳಿಂದ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಓದು ಮಾತ್ರ ಸಾಧ್ಯ. ಪ್ರಾಸೆಸರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿದರೂ ಪ್ರಯೋಜನವಿಲ್ಲ, ಡಿಸ್ಕಿನ ಮುಂದೆ ಕೈಕಟ್ಟಿ ನಿಂತಿರಬೇಕು. ಲಾಗಿನ್ ಆದ ಮೊದಲ ಎರಡು ನಿಮಿಷ ಮೌಸು ಮೊಂಡು ಹಿಡಿಯುವುದು ಇದರಿಂದಲೇ. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಅದೇ ಓದು ಸೆಕೆಂಡಿಗೆ ಹತ್ತಾರು ಸಾವಿರ ನಡೆಯುತ್ತದೆ.

ಈ ನೂಕುನುಗ್ಗಲನ್ನು ಕಂಡೇ ವಿಂಡೋಸ್ ವಿಸ್ತಾದ ಕಾಲದಲ್ಲಿ ‘ತಡವಾದ ಆರಂಭ’ ಎಂಬ ಏರ್ಪಾಡು ಬಂತು. ತುರ್ತಿಲ್ಲದ ಸೇವೆಗಳು ಉಳಿದವರೆಲ್ಲ ಕೂತ ಮೇಲೆ, ಸುಮಾರು 2 ನಿಮಿಷ ಬಿಟ್ಟು ಏಳುತ್ತವೆ.

376 ಬೈಟಿನ ಹಾವಳಿ

ಇದುವರೆಗೆ ನಿಧಾನದ ಮಾತಾಯಿತು. ಬೇಡದ ಸೇವೆಯನ್ನು ನಿಲ್ಲಿಸಬೇಕೆನ್ನಲು ಇದಕ್ಕಿಂತ ದೊಡ್ಡ ಕಾರಣವಿದೆ, ಮತ್ತು ವೇಗದ ಚರ್ಚೆಯಲ್ಲಿ ಅದು ಮರೆತೇ ಹೋಗುತ್ತದೆ.

2003ರ ಜನವರಿ 25, ಶನಿವಾರ. ನಮ್ಮಲ್ಲಿ ಬೆಳಗಿನ 11 ಗಂಟೆಯ ಸುಮಾರು. ಸ್ಲಾಮರ್ ಎಂಬ ಕಂಪ್ಯೂಟರ್ ಹುಳವೊಂದು ಅಂತರ್ಜಾಲಕ್ಕೆ ಬಿತ್ತು. ಅದರ ಗಾತ್ರ 376 ಬೈಟ್. ಈ ಪುಟದ ಒಂದು ಪ್ಯಾರಾಕ್ಕಿಂತ ಚಿಕ್ಕದು. ಆರಂಭದಲ್ಲಿ ಸೋಂಕು ತಗುಲಿದ ಯಂತ್ರಗಳ ಸಂಖ್ಯೆ ಸುಮಾರು 8.5 ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತ ಹೋಯಿತು. ಸೋಂಕು ತಗುಲಬಹುದಾಗಿದ್ದ ಯಂತ್ರಗಳಲ್ಲಿ ಶೇಕಡ 90ರಷ್ಟು 10 ನಿಮಿಷದೊಳಗೆ ಅದರ ವಶವಾದವು. ದಕ್ಷಿಣ ಕೊರಿಯದಲ್ಲಿ ಅಂತರ್ಜಾಲ ಹೆಚ್ಚುಕಡಿಮೆ ನಿಂತೇಹೋಯಿತು, ಅಮೆರಿಕದಲ್ಲಿ ಬ್ಯಾಂಕ್ ಆಫ್ ಅಮೆರಿಕದ ಎಟಿಎಂಗಳು ಹಣ ಕೊಡಲಿಲ್ಲ, ಒಹಾಯೊದ ಡೇವಿಸ್-ಬೆಸ್ಸಿ ಅಣು ಸ್ಥಾವರದಲ್ಲಿ ಸುರಕ್ಷಾ ಮಾಪನಗಳನ್ನು ತೋರಿಸುವ ಪರದೆ ಹತ್ತಿರ ಹತ್ತಿರ ಐದು ಗಂಟೆ ಸತ್ತುಬಿದ್ದಿತ್ತು. ಆ ಸ್ಥಾವರ ಆಗ ವಿದ್ಯುತ್ ಉತ್ಪಾದಿಸುತ್ತಿರಲಿಲ್ಲ ಎಂಬುದು ಅದೃಷ್ಟ.

ಹುಳ ಹೊಕ್ಕದ್ದು ಎಲ್ಲಿಂದ? ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಎಂಬ ದತ್ತಾಂಶ ತಂತ್ರಾಂಶದ ಜೊತೆ 1434ನೆಯ ಪೋರ್ಟ್ ಎಂಬ ನೆಟ್‌ವರ್ಕ್ ಬಾಗಿಲಲ್ಲಿ ಕಿವಿಗೊಟ್ಟು ಕೂತಿದ್ದ ಒಂದು ಸಣ್ಣ ಸೇವೆಯಿಂದ. ‘ದತ್ತಾಂಶ ಯಾವ ಪೋರ್ಟಿನಲ್ಲಿ ಸಿಗುತ್ತದೆ?’ ಎಂದು ಕೇಳಿದವರಿಗೆ ದಾರಿ ಹೇಳುವುದಷ್ಟೇ ಅದರ ಕೆಲಸ. ಕೇಳುವ ಪ್ರಶ್ನೆ ಮಿತಿಮೀರಿ ಉದ್ದವಾಗಿದ್ದರೆ ಅದು ಪಕ್ಕದ ಮೆಮೊರಿಗೆ ಚೆಲ್ಲಿ, ಪ್ರಶ್ನೆಯೇ ಆದೇಶವಾಗಿ ನಡೆಯುತ್ತಿತ್ತು. ದೋಷ ಸರಿಪಡಿಸುವ ತೇಪೆಯನ್ನು ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ, 2002ರ ಜುಲೈನಲ್ಲಿ ಕೊಟ್ಟಿತ್ತು. ಆದರೆ ಹಾಕಬೇಕಾದವರಲ್ಲಿ ಎಷ್ಟೋ ಜನರಿಗೆ ತಮ್ಮ ಯಂತ್ರದಲ್ಲಿ ಇಂಥದ್ದೊಂದು ಇದೆಯೆಂಬುದೇ ತಿಳಿದಿರಲಿಲ್ಲ. ಬೇರಾವುದೋ ತಂತ್ರಾಂಶ ಹಾಕಿಕೊಂಡಾಗ ಅದರ ಹೊಟ್ಟೆಯಲ್ಲಿ ಎಸ್‌ಕ್ಯುಎಲ್ ಸರ್ವರಿನ ಮರಿ ಆವೃತ್ತಿಯೂ ಬಂದು ಕೂತಿತ್ತು. ಇರುವುದೇ ಗೊತ್ತಿಲ್ಲದ ಬಾಗಿಲಿಗೆ ಚಿಲಕ ಹಾಕುವವರು ಯಾರು?

ಅದೇ ವರ್ಷದ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಇನ್ನೊಂದು ಹುಳ ಬಂತು. ಆಗ ಸೈಬರ್ ಕೆಫೆಯಲ್ಲಿ ಕೂತಿದ್ದವರಿಗೆ ನೆನಪಿರಬಹುದು: ಪರದೆಯ ನಡುವೆ ದಿಢೀರನೆ ಒಂದು ಪೆಟ್ಟಿಗೆ, ಕಂಪ್ಯೂಟರ್ 60 ಸೆಕೆಂಡಿನಲ್ಲಿ ಆರಿಹೋಗುತ್ತದೆ ಎಂಬ ಸೂಚನೆ, ಕೆಳಗೆ 59, 58, 57 ಎಂದು ಇಳಿಯುವ ಅಂಕಿ. ಹುಳ ದಾಳಿ ಮಾಡಿದ್ದು ಆರ್‌ಪಿಸಿ ಎಂಬ ಸೇವೆಯ ಮೇಲೆ. ದಾಳಿಗೆ ಸಿಕ್ಕಿ ಆ ಸೇವೆ ಕುಸಿದುಬೀಳುತ್ತಿತ್ತು. ಅದು ಬಿದ್ದರೆ ಯಂತ್ರವನ್ನೇ ಮರುಆರಂಭಿಸಬೇಕು ಎಂದು ವಿಂಡೋಸಿನಲ್ಲಿ ಮೊದಲೇ ಬರೆದಿಟ್ಟಿದ್ದರು. ಎಣಿಕೆ ಶುರುವಾಗುತ್ತಿದ್ದದ್ದು ಹುಳದ ಆಜ್ಞೆಯಿಂದಲ್ಲ, ವಿಂಡೋಸಿನದೇ ಕಟ್ಟಳೆಯಿಂದ. ಮರುವರ್ಷ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಬಂದಾಗ ಮೈಕ್ರೋಸಾಫ್ಟ್ ಫೈರ್‌ವಾಲನ್ನು ತಾನಾಗಿಯೇ ಆನ್ ಮಾಡಿತು. ಜಾಹೀರಾತಿನವರು ಪರದೆಯ ಮೇಲೆ ಸಂದೇಶ ಎಸೆಯಲು ದುರ್ಬಳಕೆ ಮಾಡಿಕೊಳ್ಳುತ್ತಿದ್ದ ಮೆಸೆಂಜರ್ ಸೇವೆಯನ್ನು ಆಫ್ ಮಾಡಿತು.

ಇದು ಹಳೆಯ ಕತೆ ಎನ್ನುವಂತಿಲ್ಲ. ಪುಟಗಳನ್ನು ಸಾಲಿನಲ್ಲಿ ನಿಲ್ಲಿಸುವ ಪ್ರಿಂಟ್ ಸ್ಪೂಲರ್ ಸೇವೆ ಯಂತ್ರದಲ್ಲಿ ಅತ್ಯುನ್ನತ ಅಧಿಕಾರದಿಂದ ನಡೆಯುತ್ತದೆ. ಅದರಲ್ಲಿನ ಒಂದು ದೋಷವನ್ನು 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹುಳ ಬಳಸಿಕೊಂಡಿತ್ತು. 2021ರ ಜೂನ್ ಕೊನೆಗೆ ‘ಪ್ರಿಂಟ್‌ನೈಟ್‌ಮೇರ್’ ಎಂಬ ಇನ್ನೊಂದು ದೋಷ ಹೊರಬಿದ್ದಾಗ, ಜುಲೈನಲ್ಲಿ ತುರ್ತು ತೇಪೆ ಬರುವವರೆಗೆ ತಜ್ಞರು ಕೊಟ್ಟ ಸಲಹೆ ಒಂದೇ: ಪ್ರಿಂಟ್ ಮಾಡದ ಸರ್ವರುಗಳಲ್ಲಿ ಸ್ಪೂಲರನ್ನು ನಿಲ್ಲಿಸಿ. ಪ್ರಿಂಟರನ್ನೇ ಕಾಣದ ಯಂತ್ರಗಳಲ್ಲೂ ಅದು ವರ್ಷಗಟ್ಟಲೆ ಎಚ್ಚರವಾಗಿ ಕೂತಿತ್ತು.

ಒಬ್ಬರು ಎಚ್ಚರವಿದ್ದರೆ ಸಾಕು

ಎಲ್ಲ ಸೇವೆಗಳೂ ಬಂದು ಸೀಟು ಹಿಡಿಯಲೇಬೇಕೆ? ಬೇಡ ಎಂಬ ಉತ್ತರ 1986ರಲ್ಲೇ ಸಿಕ್ಕಿತ್ತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ರೂಪುಗೊಂಡ ಯುನಿಕ್ಸಿನ 4.3 ಆವೃತ್ತಿಯಲ್ಲಿ ಐನೆಟ್‌ಡಿ ಎಂಬುದೊಂದು ಬಂತು. ಎಲ್ಲ ಸೇವೆಗಳ ಪರವಾಗಿ ಅದೊಂದೇ ಕಾಯುತ್ತದೆ. ಬೇಡಿಕೆ ಬಂದಾಗ ತಕ್ಕ ಸೇವೆಯನ್ನು ಹುಟ್ಟುಹಾಕುತ್ತದೆ, ಕೆಲಸ ಮುಗಿದ ಮೇಲೆ ಆ ಸೇವೆ ಇಲ್ಲವಾಗುತ್ತದೆ. 2005ರಲ್ಲಿ ಆಪಲ್ ತನ್ನ ಲಾಂಚ್‌ಡಿಯಲ್ಲಿ, 2010ರಲ್ಲಿ ಲಿನಕ್ಸಿನವರು ಸಿಸ್ಟಮ್‌ಡಿಯಲ್ಲಿ ಇದೇ ಉಪಾಯವನ್ನು ಬೆಳೆಸಿದರು. ನಡುವೆ 2009ರಲ್ಲಿ ವಿಂಡೋಸ್ 7ಕ್ಕೂ ‘ಪ್ರಚೋದಿತ ಆರಂಭ’ ಬಂತು: ಸಾಧನ ಸಿಕ್ಕಿಸಿದಾಗ, ನೆಟ್‌ವರ್ಕ್ ವಿಳಾಸ ಸಿಕ್ಕಾಗ, ಹೀಗೆ ನೆಪ ಒದಗಿದಾಗ ಮಾತ್ರ ಏಳುವ ಸೇವೆಗಳು.

ನಿಮ್ಮ ಮೊಬೈಲ್ ದಿನವಿಡೀ ಬಾಳುವುದೂ ಇದರಿಂದಲೇ. ವಾಟ್ಸಾಪ್, ಮೇಲ್, ಬ್ಯಾಂಕಿನ ಆ್ಯಪ್ ಪ್ರತಿಯೊಂದೂ ತನ್ನ ಸರ್ವರನ್ನು ನಿಮಿಷಕ್ಕೊಮ್ಮೆ ವಿಚಾರಿಸಿದರೆ ಬ್ಯಾಟರಿ ಮಧ್ಯಾಹ್ನ ಮುಟ್ಟುವುದಿಲ್ಲ. ಹಾಗಾಗಿ ಆಪಲ್ 2009ರಲ್ಲಿ ಎಲ್ಲ ಆ್ಯಪ್‌ಗಳಿಗೂ ಸೇರಿ ಒಂದೇ ಸಂಪರ್ಕ ಇಟ್ಟಿತು. ಸುದ್ದಿ ಬಂದರೆ ಅದರ ಮೂಲಕವೇ. ಆಂಡ್ರಾಯ್ಡಿನಲ್ಲೂ ಇಂಥದ್ದೇ ವ್ಯವಸ್ಥೆಯಿದೆ. 2015ರಲ್ಲಿ ಅದಕ್ಕೆ ಬಂದ ‘ಡೋಜ್’ ಇನ್ನೂ ಮುಂದೆ ಹೋಗಿ, ಫೋನು ಮೇಜಿನ ಮೇಲೆ ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳ ಹಿನ್ನೆಲೆ ಕೆಲಸಗಳನ್ನೆಲ್ಲ ಕೂಡಿಟ್ಟು ಆಗೊಮ್ಮೆ ಈಗೊಮ್ಮೆ ಒಟ್ಟಿಗೆ ಮಾಡಿಸುತ್ತದೆ. ಗಂಟೆಗೊಮ್ಮೆ ಎಲ್ಲ ಆ್ಯಪ್‌ಗಳನ್ನು ಒರೆಸಿಹಾಕುವ ಚಟವಿರುವವರು ಇದನ್ನು ಅರಿಯುವುದು ಒಳ್ಳೆಯದು. ಮಲಗಿದ್ದ ಆ್ಯಪನ್ನು ಕೊಂದು ಮತ್ತೆ ಮೊದಲಿಂದ ತೆರೆಯುವುದಕ್ಕೆ, ಮಲಗಲು ಬಿಟ್ಟಿದ್ದರೆ ಆಗುತ್ತಿದ್ದಕ್ಕಿಂತ ಹೆಚ್ಚು ಬ್ಯಾಟರಿ ಖರ್ಚು.

ಕತ್ತರಿ ಹಿಡಿಯುವ ಮುನ್ನ

‘ಈ 40 ಸೇವೆಗಳನ್ನು ಕಣ್ಣುಮುಚ್ಚಿ ಆಫ್ ಮಾಡಿ’ ಎಂಬ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ನನ್ನ ಅಭಿಪ್ರಾಯದಲ್ಲಿ ಅವುಗಳಲ್ಲಿ ಹೆಚ್ಚಿನವು ಉಪದ್ರವಿಗಳು. ಮಲಗಿರುವವರನ್ನೇ ಹೊರಹಾಕಿಸಿ ವೇಗ ಹೆಚ್ಚಿತೆಂದು ನಂಬಿಸುತ್ತವೆ. ವೇಗ ಹೆಚ್ಚಿಸಿಕೊಡುತ್ತೇವೆಂದು ಮಾರಾಟವಾಗುವ ತಂತ್ರಾಂಶಗಳದ್ದು ಇನ್ನೂ ತಮಾಷೆ: ಯಂತ್ರವನ್ನು ಸದಾ ಗಮನಿಸುತ್ತಿರಲು ಅವೇ ಒಂದು ಹಿನ್ನೆಲೆ ಸೇವೆಯನ್ನು ಹೂಡುತ್ತವೆ.

ಸೇವೆಗಳು ಒಂದರ ಹೆಗಲ ಮೇಲೊಂದು ನಿಂತಿರುತ್ತವೆ. ಬ್ಲಾಸ್ಟರ್ ಸುದ್ದಿ ಕೇಳಿ ಎಕ್ಸ್‌ಪಿಯಲ್ಲಿ ಆರ್‌ಪಿಸಿಯನ್ನೇ ನಿಷ್ಕ್ರಿಯಗೊಳಿಸಿದವರಿಗೆ, ಅದನ್ನೇ ಅವಲಂಬಿಸಿದ್ದ ಹತ್ತಾರು ಸೇವೆಗಳು ಒಟ್ಟಿಗೆ ಕೈಕೊಟ್ಟವು. ಸೇವೆಗಳ ಪಟ್ಟಿಯೂ ಸರಿಯಾಗಿ ತೆರೆಯದೆ, ಮಾಡಿದ್ದನ್ನು ತಿದ್ದುವ ದಾರಿಯೂ ಮುಚ್ಚುತ್ತಿತ್ತು. ಈಗಿನ ವಿಂಡೋಸಿನಲ್ಲಿ ಆ ಆಯ್ಕೆಯನ್ನೇ ಬೂದುಬಣ್ಣ ಮಾಡಿ ಮುಟ್ಟದಂತೆ ಇಟ್ಟಿದ್ದಾರೆ. ಇನ್ನೊಂದು ನಮಗೆ ಹತ್ತಿರದ ಉದಾಹರಣೆ. ವಿಂಡೋಸ್ 10ರಲ್ಲಿ ‘ಟಚ್ ಕೀಬೋರ್ಡ್ ಅಂಡ್ ಹ್ಯಾಂಡ್‌ರೈಟಿಂಗ್ ಪ್ಯಾನಲ್’ ಎಂಬ ಸೇವೆಯಿದೆ. ‘ನನ್ನದು ಟಚ್ ಪರದೆಯಲ್ಲ, ಇದೇಕೆ?’ ಎಂದು ಅದನ್ನು ಆಫ್ ಮಾಡಿದರೆ ಸ್ಟಾರ್ಟ್ ಮೆನುವಿನ ಹುಡುಕು ಪೆಟ್ಟಿಗೆಯಲ್ಲಿ ಅಕ್ಷರವೇ ಮೂಡದಿರಬಹುದು, ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳುವ ಕೀಲಿಮಣೆಯೂ ಮುನಿಸಿಕೊಳ್ಳಬಹುದು. ಹೆಸರು ನೋಡಿ ತೀರ್ಪು ಕೊಡಬಾರದು. ಸ್ಪೂಲರನ್ನು ನಿಲ್ಲಿಸಿದರೆ ಪಿಡಿಎಫ್ ಮಾಡಿಕೊಡುವ ವಿಂಡೋಸಿನ ‘ಪ್ರಿಂಟ್ ಟು ಪಿಡಿಎಫ್’ ಕೂಡ ನಿಲ್ಲುತ್ತದೆ, ಕಾರಣ ಅದೂ ಒಂದು ಪ್ರಿಂಟರಿನ ವೇಷವೇ.

ಹಾಗಾಗಿ ಮೊದಲು ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟಕ್ಕೆ ಹೋಗಿ. ಲಾಗಿನ್ ಆದೊಡನೆ ಏಳುವವರ ಪಟ್ಟಿ ಅಲ್ಲಿದೆ. ಚಾಟ್ ಆ್ಯಪ್, ಹಾಡಿನ ಆ್ಯಪ್, ಪ್ರಿಂಟರ್ ಕಂಪನಿಯ ಸಹಾಯಕ ಇವನ್ನೆಲ್ಲ ಅಲ್ಲಿ ನಿಲ್ಲಿಸಿದರೆ ಅಪಾಯವಿಲ್ಲ. ಬೇಕಾದಾಗ ನೀವೇ ತೆರೆಯಬಹುದು. ಕನ್ನಡ ಟೈಪಿಂಗಿನದನ್ನು ಮಾತ್ರ ಬಿಡಿ. ಅರ್ಧಕ್ಕರ್ಧ ಗೋಳು ಇಷ್ಟರಲ್ಲೇ ಮುಗಿಯುತ್ತದೆ. ಆಮೇಲೂ ಸಾಲದಿದ್ದರೆ ‘ಎಂಎಸ್‌ಕಾನ್ಫಿಗ್’ ತೆರೆದು, ‘ಸರ್ವಿಸಸ್’ ಪುಟದಲ್ಲಿ ಮೈಕ್ರೋಸಾಫ್ಟಿನ ಸೇವೆಗಳನ್ನು ಮರೆಮಾಡುವ ಚೌಕಕ್ಕೆ ಗುರುತು ಹಾಕಿ. ಉಳಿಯುವುದು ಹೊರಗಿನವರು ತಂದು ಕೂರಿಸಿದ ಸೇವೆಗಳು. ಎಂದೋ ತೆಗೆದುಹಾಕಿದ ಆ್ಯಂಟಿವೈರಸ್ಸಿನ ಪಳೆಯುಳಿಕೆ, ವರ್ಷದಿಂದ ಬಳಸದ ತಂತ್ರಾಂಶದ ಅಪ್‌ಡೇಟ್ ಕಾವಲುಗಾರ ಸಿಗುವುದು ಇಲ್ಲಿ. ಬಳಸದ ತಂತ್ರಾಂಶವಾದರೆ ಅದರ ಸೇವೆಯನ್ನಷ್ಟೇ ನಿಲ್ಲಿಸುವುದಕ್ಕಿಂತ ಇಡೀ ತಂತ್ರಾಂಶವನ್ನೇ ತೆಗೆಯುವುದು ಮೇಲು.

ವಿಂಡೋಸಿನದೇ ಸೇವೆಗೆ ಕೈಹಾಕಲೇಬೇಕಾದರೆ ‘ಡಿಸೇಬಲ್ಡ್’ ಬೇಡ, ‘ಮ್ಯಾನ್ಯುಯಲ್’ ಮಾಡಿ. ಆಗ ಅದು ಯಾರಾದರೂ ಕರೆದರೆ ಏಳಬಲ್ಲದು. ಸೇವೆಗಳ ಪಟ್ಟಿಯಲ್ಲಿ ಆ ಸೇವೆಯ ‘ಡಿಪೆಂಡೆನ್ಸೀಸ್’ ಪುಟ ತೆರೆದು ಯಾರು ಯಾರನ್ನು ನೆಚ್ಚಿದ್ದಾರೆ ಎಂದು ನೋಡಿ, ಮೊದಲಿದ್ದ ಸ್ಥಿತಿಯನ್ನು ಕಾಗದದ ಮೇಲೆ ಬರೆದಿಟ್ಟು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಎರಡು ದಿನ ಬಳಸಿ. ಲಿನಕ್ಸ್ ಬಳಸುವವರು ಒಂದು ಭೇದ ನೆನಪಿಡಬೇಕು: ‘ಸ್ಟಾಪ್’ ಎಂದರೆ ಈಗ ನಿಲ್ಲುತ್ತದೆ, ಮುಂದಿನ ಸಲ ಮತ್ತೆ ಏಳುತ್ತದೆ, ‘ಡಿಸೇಬಲ್’ ಎಂದರೆ ಯಂತ್ರದ ಜೊತೆ ತಾನಾಗಿ ಏಳದು, ಆದರೆ ಇನ್ನೊಂದು ಸೇವೆ ಕರೆದರೆ ಏಳುತ್ತದೆ, ‘ಮಾಸ್ಕ್’ ಎಂದರೆ ಯಾರು ಕರೆದರೂ ಇಲ್ಲ.

ಅಪ್‌ಡೇಟ್ ಸೇವೆ ಮತ್ತು ವೈರಸ್ ಕಾವಲು, ಇವೆರಡು ಎಷ್ಟೇ ಕಾಟ ಕೊಟ್ಟರೂ ಮುಟ್ಟಬೇಡಿ. 2017ರ ಮೇ 12ರಂದು ವಾನಾಕ್ರೈ ಎಂಬ ಹುಳ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದಾಗ, ಅದು ಬಳಸಿದ ದೋಷಕ್ಕೆ ತೇಪೆ ಮಾರ್ಚಿನಲ್ಲೇ ಬಂದಿತ್ತು. ಇನ್ನು ನಿಮ್ಮದು ತಿರುಗುವ ಹಾರ್ಡ್ ಡಿಸ್ಕಿನ ಹಳೆಯ ಯಂತ್ರವಾಗಿದ್ದರೆ, ಸೇವೆಗಳ ಪಟ್ಟಿಯ ಮುಂದೆ ಭಾನುವಾರ ಕಳೆಯುವ ಬದಲು ಅದನ್ನು ರಿಪೇರಿ ಅಂಗಡಿಗೆ ಒಯ್ದು ಒಂದು ಎಸ್‌ಎಸ್‌ಡಿ ಹಾಕಿಸಿ. ಮೂವತ್ತು ಸೇವೆ ನಿಲ್ಲಿಸಿದರೂ ಸಿಗದ ವೇಗ ಅದೊಂದರಿಂದ ಸಿಗುತ್ತದೆ.